ಬಚ್ಚಲುಮನೆಗೆ ಸ್ಪೀಕರ್ ಹಾಕಿಸುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾತ್‌ರೂಮಿಗೆ ಸ್ಪೀಕರ್ ಹಾಕಿಸಬೇಕು ಅಂದವರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಅಂತ. ಅದನ್ನು ಕೊನೆಗೆ ಕೇಳಿದರೂ ನಷ್ಟವಿಲ್ಲ. 230 ವೋಲ್ಟಿನ ಕರೆಂಟ್ ಬಾಗಿಲಿನ ಯಾವ ಕಡೆ ನಿಲ್ಲಬೇಕು ಅನ್ನುವುದು ಮೊದಲು ತೀರ್ಮಾನವಾಗಬೇಕು. ಕೆಳಗಿನ ಉತ್ತರಗಳು ನಮ್ಮ ಕಡೆಯ ಸಾಮಾನ್ಯ ಬಾತ್‌ರೂಮಿಗೆ ಹೊಂದುವಂಥವು: 5 ಅಡಿ ಅಗಲ, 7–8 ಅಡಿ ಉದ್ದ, ಮೂಲೆಯಲ್ಲೊಂದು ಗೀಸರ್, ಗೋಡೆಗೆ ಶವರ್, ಕಮೋಡಿನ ಪಕ್ಕ ಹೆಲ್ತ್ ಫಾಸೆಟ್, ತಲೆಯ ಮೇಲೆ ಪಿವಿಸಿ ಅಥವಾ ಜಿಪ್ಸಂ ಸೀಲಿಂಗು.

ನೀರು ಬೀಳುವ ಕಡೆ ಸ್ಪೀಕರ್ ಇದ್ದರೆ ಶಾಕ್ ಹೊಡೆಯುವುದಿಲ್ಲವೇ?

ಸ್ಪೀಕರ್ ಬೇರೆ, ಅದನ್ನು ಹಾಡಿಸುವ ಆಂಪ್ಲಿಫೈಯರ್ ಬೇರೆ. ಅಪಾಯ ಇರುವುದು ಎರಡನೆಯದರಲ್ಲಿ. 8 ಓಮ್‌ನ ಸ್ಪೀಕರಿಗೆ 25 ವಾಟ್ ಕೊಟ್ಟಾಗ ತಂತಿಯಲ್ಲಿರುವುದು ಸುಮಾರು 14 ವೋಲ್ಟ್. 50 ವಾಟ್ ಕೊಟ್ಟರೆ 20 ವೋಲ್ಟ್. ಬಚ್ಚಲಿನಲ್ಲಿ ಹಾಡು ಕೇಳಲು 5 ವಾಟ್ ದಾಟುವುದೇ ಅಪರೂಪ. ಅದೇ 230 ವೋಲ್ಟ್ ಮೈಗೆ ತಾಗಿದರೆ ಕಥೆ ಬೇರೆ. ಒದ್ದೆ ಮೈಯ ರೋಧ ಸಾವಿರ ಓಮ್‌ ಆಸುಪಾಸಿಗೆ ಇಳಿದಿರುತ್ತದೆ ಎಂದಿಟ್ಟುಕೊಂಡರೂ 230 ಮಿಲಿಆಂಪಿಯರ್ ಹರಿಯಬಹುದು. ಹೃದಯ ನಿಲ್ಲಿಸಲು ಅದು ಧಾರಾಳವಾಯಿತು.

ಹಾಗಾಗಿ ಆಂಪ್ಲಿಫೈಯರ್, ಅಡಾಪ್ಟರ್, ಸಾಕೆಟ್ ಮೂರೂ ಬಾಗಿಲಿನಾಚೆ ಒಣ ಕೋಣೆಯಲ್ಲಿ ಇರಬೇಕು. ಒಳಗೆ ಬರುವುದು ಸ್ಪೀಕರ್ ವೈರ್ ಮಾತ್ರ.

ಇದಕ್ಕೂ ಒಂದು ಷರತ್ತಿದೆ. ಆ 14 ವೋಲ್ಟ್ 14 ವೋಲ್ಟಾಗಿಯೇ ಉಳಿಯುವುದು ಅಡಾಪ್ಟರಿನ ಒಳಗೆ ಮೇನ್ಸ್ ಕಡೆಯನ್ನೂ ಔಟ್‌ಪುಟ್ ಕಡೆಯನ್ನೂ ಬೇರ್ಪಡಿಸಿರುವ ಇನ್ಸುಲೇಷನ್ ಗಟ್ಟಿಯಾಗಿರುವ ತನಕ. ರಸ್ತೆಬದಿಯ ಅಗ್ಗದ ಅಡಾಪ್ಟರುಗಳಲ್ಲಿ ಕೈ ಕೊಡುವುದು ಅದೇ ಭಾಗ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ, ಅಂದರೆ ‘ಆರ್’ ಅಕ್ಷರದಿಂದ ಶುರುವಾಗುವ ಅಂಕಿ, ಅಡಾಪ್ಟರಿನ ಮೈಮೇಲೆ ಅಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ ವಾಪಸ್ ಕೊಡಿ.

ಕಲ್ಯಾಣ ಮಂಟಪ, ದೇವಸ್ಥಾನಗಳಲ್ಲಿ ಉದ್ದದ ಲೈನಿಗೆ ಬಳಸುವ 100 ವೋಲ್ಟಿನ ಪಿಎ ಆಂಪ್ಲಿಫೈಯರ್ ಮನೆಯಲ್ಲಿ ಬಿದ್ದಿದೆ, ಅದನ್ನೇ ಹಾಕೋಣವೇ ಅನ್ನುವವರೂ ಇದ್ದಾರೆ. ಬಾತ್‌ರೂಮಿಗೆ ಅದು ಸಲ್ಲದು.

ಗೀಸರಿನ 16 ಆಂಪಿಯರ್ ಸಾಕೆಟ್ ಒಳಗೇ ಇದೆಯಲ್ಲ, ಅಲ್ಲಿಂದಲೇ ತೆಗೆದುಕೊಂಡರೆ?

ಬೇಡ. ಮಲ್ಟಿಪ್ಲಗ್ ಹಾಕಿ ಸ್ಪೀಕರ್ ಚಾರ್ಜರ್ ಸಿಕ್ಕಿಸುವುದೂ ಬೇಡ, ಫೋನ್ ಚಾರ್ಜಿಗೆ ಇಡುವುದೂ ಬೇಡ. ಆ ಲೈನಿನಲ್ಲಿ ಸಾಮಾನ್ಯವಾಗಿ 20 ಆಂಪಿಯರಿನ ಎಂಸಿಬಿ (ಮಿತಿ ಮೀರಿ ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಇರುತ್ತದೆ. ಸಣ್ಣ ಅಡಾಪ್ಟರಿನ ತೆಳು ವೈರ್ ಬೆಂದು ಹೋಗುವವರೆಗೂ ಅದು ಸುಮ್ಮನೇ ಕೂತಿರಬಲ್ಲದು.

ಬಲ್ಬ್ ಹೋಲ್ಡರಿಗೆ ಸಿಕ್ಕಿಸುವ ‘ಬ್ಲೂಟೂತ್ ಸ್ಪೀಕರ್ ಬಲ್ಬ್’ ಕೂಡ ಇದೇ ಜಾತಿ. ನೇರ 230 ವೋಲ್ಟ್, ಮೇಲಿಂದ ದನಿ ಹೊರಬರಲೆಂದೇ ಬಿಟ್ಟ ತೂತುಗಳು. ಹಬೆಗೆ ಬೇರೆ ದಾರಿ ಬೇಕೇ?

ಮೇನ್ ಬೋರ್ಡಿನಲ್ಲಿ ಎಂಸಿಬಿ ಇದೆ. ಅಷ್ಟು ಸಾಲದೇ?

ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಮನುಷ್ಯರನ್ನು ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸ್ ಬರದಿದ್ದರೆ, ಎಲ್ಲೋ ಯಾರದೋ ಮೈಯಿಂದ ನೆಲಕ್ಕೆ ಹರಿಯುತ್ತಿದೆ ಎಂದು ತಿಳಿದು ಅದು ಕಡಿಯುತ್ತದೆ. 30 ಮಿಲಿಆಂಪಿಯರ್ ಸೋರಿದರೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟು ಸೋರಿದರೆ 0.04 ಸೆಕೆಂಡಿನೊಳಗೆ ಕಡಿಯಲೇಬೇಕು. 100 ಅಥವಾ 300 ಮಿಲಿಆಂಪಿಯರಿನದು ಬೆಂಕಿ ಅವಘಡಕ್ಕೆ ಸರಿ, ಪ್ರಾಣ ಉಳಿಸುವುದಕ್ಕಲ್ಲ. ಅಡಾಪ್ಟರ್, ಎಲ್‌ಇಡಿಯಂಥ ಎಲೆಕ್ಟ್ರಾನಿಕ್ ಲೋಡುಗಳೇ ಹೆಚ್ಚಿರುವ ಈ ಕಾಲದಲ್ಲಿ ‘ಎಸಿ’ ಮಾದರಿಗಿಂತ ‘ಎ’ ಮಾದರಿಯ ಆರ್‌ಸಿಸಿಬಿ ಮೇಲು.

ಮೂರು ವಿಷಯ ಎಲೆಕ್ಟ್ರಿಷಿಯನ್ ಹೇಳದೇ ಬಿಟ್ಟುಬಿಡುತ್ತಾರೆ. ಒಂದು, ಆರ್‌ಸಿಸಿಬಿಯ ‘ಟಿ’ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಟಕ್ಕೆಂದು ಬೀಳದಿದ್ದರೆ ಅದು ಬೋರ್ಡಿನಲ್ಲಿ ಅಲಂಕಾರಕ್ಕೆ ಕೂತಿದೆ ಅಂತ ಅರ್ಥ. ಎರಡು, ಆಂಪ್ಲಿಫೈಯರ್ ಯುಪಿಎಸ್ ಲೈನಿನಲ್ಲಿದ್ದು ಆ ಲೈನಿಗೆ ಬೇರೆ ಆರ್‌ಸಿಸಿಬಿ ಇಲ್ಲದಿದ್ದರೆ, ಕರೆಂಟ್ ಹೋದಾಗ ರಕ್ಷಣೆ ಇದೆ ಎಂದು ನಂಬಬೇಡಿ. ಮೂರು, ಬೇರ್ಪಟ್ಟ ಔಟ್‌ಪುಟ್ಟಿನ ಸ್ಪೀಕರ್ ವೈರಿನಲ್ಲಿ ಆಗುವ ಸೋರಿಕೆ ಆರ್‌ಸಿಸಿಬಿಗೆ ಕಾಣುವುದೇ ಇಲ್ಲ. ಅದಕ್ಕೇ ಒಳ್ಳೆಯ ಅಡಾಪ್ಟರ್ ಬಗ್ಗೆ ಇಷ್ಟು ಹಟ.

ಹಳೆಯ ಮನೆ, ಅರ್ತಿಂಗ್ ಇಲ್ಲ, ಎಲ್ಲ ಎರಡು ಪಿನ್ ಪ್ಲಗ್ಗೇ ಅನ್ನುವ ಪರಿಸ್ಥಿತಿಯಿದ್ದರೆ ಸ್ಪೀಕರಿನ ದುಡ್ಡನ್ನು ಮೊದಲು ಅರ್ತಿಂಗಿಗೆ ಹಾಕಿ. ಗೀಸರಿಗೂ ಅದು ಬೇಕೇ ಬೇಕು.

ಸ್ಪೀಕರನ್ನು ಯಾವ ಜಾಗದಲ್ಲಿ ಕೂರಿಸಬೇಕು?

ಬಾತ್‌ರೂಮ್ ವೈರಿಂಗಿನ ಅಂತಾರಾಷ್ಟ್ರೀಯ ಕಟ್ಟಳೆಯಲ್ಲಿ (ಐಇಸಿ 60364ರ 701ನೇ ಭಾಗ) ಒದ್ದೆಯ ವಲಯಗಳ ಲೆಕ್ಕ ಹೀಗಿದೆ: ಟಬ್ಬಿನ ಒಳಭಾಗ ಸೊನ್ನೆ ವಲಯ, ಅದರ ಮೇಲೆ ನೆಲದಿಂದ 2.25 ಮೀಟರ್ ಎತ್ತರದವರೆಗೆ ಒಂದನೇ ವಲಯ. ಅಲ್ಲಿಂದ ಪಕ್ಕಕ್ಕೆ 60 ಸೆಂ.ಮೀ. ಎರಡನೇ ವಲಯ. ನಮ್ಮಲ್ಲಿರುವಂತೆ ಟಬ್ಬೂ ಟ್ರೇಯೂ ಇಲ್ಲದ, ಬರೀ ನೆಲದ ಶವರಿಗೆ ಎರಡನೇ ವಲಯ ಇಲ್ಲ. ಬದಲಿಗೆ ನೀರು ಬೀಳುವ ಬಿಂದುವಿನಿಂದ ಸುತ್ತಲೂ 1.2 ಮೀಟರ್ ದೂರದವರೆಗೆ ಇಡೀ ಒಂದನೇ ವಲಯ. ಶವರ್ 2.25 ಮೀಟರಿಗಿಂತ ಎತ್ತರದಲ್ಲಿದ್ದರೆ ವಲಯವೂ ಅಷ್ಟು ಎತ್ತರಕ್ಕೆ ಏರುತ್ತದೆ.

5 ಅಡಿ ಅಗಲದ ಕೋಣೆಯಲ್ಲಿ ಈ ಅಳತೆ ಹಾಕಿ ನೋಡಿ. ಎದುರಿನ ಗೋಡೆಯ ಹತ್ತಿರ ಒಂದಡಿ ಉಳಿದರೆ ಹೆಚ್ಚು. ಅದರ ಮೇಲೆ ಹೆಲ್ತ್ ಫಾಸೆಟ್ಟಿನ ಪೈಪು ಮೂಲೆಮೂಲೆಗೂ ತಲುಪುತ್ತದೆ. ಮಕ್ಕಳ ಕೈಗೆ ಸಿಕ್ಕರೆ ಸೀಲಿಂಗಿಗೂ. ಆದ್ದರಿಂದ ಕೋಣೆ ಪೂರ್ತಿ ಒದ್ದೆ ಎಂದೇ ಇಟ್ಟುಕೊಂಡು, ಸ್ಪೀಕರನ್ನು ಏಳೂವರೆ ಅಡಿಗಿಂತ ಎತ್ತರದಲ್ಲಿ, ಸೀಲಿಂಗಿನಲ್ಲಿ ಕೂರಿಸುವುದು ಒಳ್ಳೆಯದು. ಸೀಲಿಂಗಿನಲ್ಲೂ ಶವರಿನ ನೆತ್ತಿಯ ಮೇಲೆ ಬೇಡ. ಬಿಸಿ ಹಬೆ ನೇರ ಏರುವುದು ಅಲ್ಲಿಗೇ. ಬಾಗಿಲಿಗೂ ವಾಶ್‌ಬೇಸಿನ್ನಿಗೂ ನಡುವಿನ ಭಾಗ ಹೆಚ್ಚು ಮನೆಗಳಲ್ಲಿ ಸರಿಹೋಗುತ್ತದೆ.

ಗೀಸರಿನಿಂದ ಕನಿಷ್ಠ 2 ಅಡಿ ದೂರ ಇರಲಿ. ಒತ್ತಡ ಹೆಚ್ಚಾದಾಗ ಅದರ ಸೇಫ್ಟಿ ವಾಲ್ವ್ ಕುದಿನೀರು ಚಿಮ್ಮಿಸುತ್ತದೆ. ಜತೆಗೆ ಗೀಸರ್ ರಿಪೇರಿಗೆ ಬಂದವರ ಸ್ಪ್ಯಾನರ್ ಸ್ಪೀಕರಿನ ಜಾಲರಿಗೆ ತಾಗದೆ ಬಿಡುವುದಿಲ್ಲ.

ಐಪಿ44, ಐಪಿ65, ಐಪಿಎಕ್ಸ್7 ಅಂತ ಬರೆದಿರುತ್ತಾರೆ. ದೊಡ್ಡ ಅಂಕಿಯೇ ಒಳ್ಳೆಯದೇ?

ಮೊದಲ ಅಂಕಿ ಧೂಳಿನದು (ಅಲ್ಲಿ ಎಕ್ಸ್ ಇದ್ದರೆ ಧೂಳಿನ ಅಂಕಿ ಕೊಟ್ಟಿಲ್ಲ ಅಂತ), ಎರಡನೆಯದು ನೀರಿನದು. 4 ಅಂದರೆ ಎಲ್ಲ ದಿಕ್ಕಿನಿಂದ ಎರಚುವ ಹನಿ ತಡೆಯುತ್ತದೆ, 5 ಅಂದರೆ ಪೈಪಿನ ಧಾರೆ, 7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಸರಿ. ಮುಳುಗಿಸಿ ಪಾಸಾದದ್ದು ಧಾರೆಯನ್ನೂ ತಡೆಯಲೇಬೇಕೆಂದಿಲ್ಲ; ಅವೆರಡೂ ಬೇರೆ ಬೇರೆ ಪರೀಕ್ಷೆ. ಸೀಲಿಂಗ್ ಸ್ಪೀಕರಿಗೆ 4 ಸಾಕು, ಕೈಗೆಟುಕುವ ಎತ್ತರದಲ್ಲಿದ್ದರೆ 5.

ಈ ಪರೀಕ್ಷೆಗಳೆಲ್ಲ ತಣ್ಣನೆಯ ತಿಳಿನೀರಿನಲ್ಲಿ ನಡೆದಂಥವು. ಹಬೆ, ಸೋಪಿನ ನೊರೆ, ಬೋರ್‌ವೆಲ್ಲಿನ ಗಡುಸು ನೀರು ಅಲ್ಲಿ ಲೆಕ್ಕಕ್ಕೇ ಇಲ್ಲ. ಇನ್ನೊಂದು ಮೋಸ: ಎಷ್ಟೋ ಸೀಲಿಂಗ್ ಸ್ಪೀಕರುಗಳಲ್ಲಿ ಆ ಅಂಕಿ ಮುಂದಿನ ಮುಖಕ್ಕೆ ಮಾತ್ರ. ಹಿಂಬದಿ ಮ್ಯಾಗ್ನೆಟ್, ಟರ್ಮಿನಲ್ ಎಲ್ಲ ಬತ್ತಲೆ. ಫ್ಲ್ಯಾಟಿನಲ್ಲಿ ಸೀಲಿಂಗಿನ ಮೇಲೆ ಏನಿದೆ? ಮೇಲಿನ ಮನೆಯವರ ಬಚ್ಚಲಿನ ಡ್ರೈನ್ ಪೈಪು. ಅದರ ಜಾಯಿಂಟ್ ಜಿನುಗಿದರೆ ಹನಿ ಬೀಳುವುದು ಸ್ಪೀಕರಿನ ಬೆನ್ನಿಗೆ. ಹಿಂಬದಿಗೆ ಮುಚ್ಚಿದ ಡಬ್ಬಿ ಇರುವ ಮಾದರಿಯನ್ನೇ ಕೊಳ್ಳಿ, ಪೈಪಿನ ಜಾಯಿಂಟಿನ ನೇರ ಕೆಳಗೆ ಮಾತ್ರ ಕೂರಿಸಬೇಡಿ.

ಎರಡು ಸ್ಪೀಕರ್ ಬೇಕೇ? ಎಂಥದ್ದನ್ನು ಕೊಳ್ಳಬೇಕು?

ಒಂದೇ ಸಾಕು. ನಾಲ್ಕೂ ಕಡೆ ಟೈಲ್ಸ್ ಇರುವ ಪುಟ್ಟ ಕೋಣೆಯಲ್ಲಿ ದನಿ ಹೇಗಿದ್ದರೂ ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಎಡ-ಬಲ ಗೊತ್ತಾಗುವುದೇ ಇಲ್ಲ. ಆದರೆ ಸ್ಟೀರಿಯೊದ ಒಂದೇ ಕಡೆಗೆ ಸ್ಪೀಕರ್ ಕಟ್ಟಿದರೆ ಹಾಡಿನ ಅರ್ಧ ಮಾಯ. ‘ಡ್ಯುಯಲ್ ವಾಯ್ಸ್ ಕಾಯಿಲ್’ ಇರುವ 6.5 ಇಂಚಿನದು ತಂದರೆ ಎರಡೂ ಚಾನೆಲ್ ಒಂದರಲ್ಲೇ ಕೇಳುತ್ತವೆ. ಎರಡು ಚಾನೆಲ್ಲಿನ ಪ್ಲಸ್ ತಂತಿಗಳನ್ನು ಒಟ್ಟಿಗೆ ತಿರುಚಿ ಒಂದು ಸ್ಪೀಕರಿಗೆ ಕೊಡುವ ಉಪಾಯ ಮಾತ್ರ ಬೇಡ, ಆಂಪ್ಲಿಫೈಯರ್ ಸುಡುತ್ತದೆ.

ಕೋನ್, ಅಂದರೆ ಸ್ಪೀಕರಿನಲ್ಲಿ ಅದುರಿ ದನಿ ಹೊರಡಿಸುವ ಭಾಗ, ಪಾಲಿಪ್ರೊಪಿಲೀನಿನದಿರಲಿ, ಕಾಗದದ್ದು ಪಸೆ ಹೀರಿ ಜೋತುಬೀಳುತ್ತದೆ. ಅಂಚು ರಬ್ಬರಿನದಿರಲಿ; ಫೋಮ್ ಅಂಚು ಪುಡಿಯಾಗುತ್ತದೆ. ಜಾಲರಿ ಅಲ್ಯೂಮಿನಿಯಮ್ಮಿನದಿರಲಿ. ಅಂಗಡಿಗೆ ಒಂದು ಸಣ್ಣ ಮ್ಯಾಗ್ನೆಟ್ ಒಯ್ದು ಜಾಲರಿಗೆ ಹಿಡಿದರೆ ಕಬ್ಬಿಣವೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ.

ವೈರ್ ಯಾವುದು, ಎಷ್ಟು ದಪ್ಪ?

8 ಓಮ್ ಸ್ಪೀಕರಿಗೆ 1.5 ಚದರ ಮಿ.ಮೀ.ನ ತಾಮ್ರದ ಎರಡೆಳೆ ವೈರ್, ಸುಮಾರು 15 ಮೀಟರ್ ದೂರದವರೆಗೆ. ಈ ದಪ್ಪದ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 12 ಓಮ್ ರೋಧ. ಹೋಗಿ ಬರುವ ದಾರಿ ಸೇರಿ 30 ಮೀಟರಿಗೆ 0.36 ಓಮ್. ಸ್ಪೀಕರಿನ ಓಮಿನ ಶೇ. 5ರೊಳಗೆ, ಅಂದರೆ 0.4ರ ಒಳಗೆ ಇರಬೇಕೆಂಬ ರೂಢಿಯ ಲೆಕ್ಕಕ್ಕೆ ಇದು ಕೂರುತ್ತದೆ. 4 ಓಮ್ ಸ್ಪೀಕರಾದರೆ ದೂರ ಅರ್ಧಕ್ಕಿಳಿಯುತ್ತದೆ, ಇಲ್ಲವೇ 2.5 ಚದರ ಮಿ.ಮೀ. ತನ್ನಿ. ಡ್ಯುಯಲ್ ಕಾಯಿಲಿಗೆ ನಾಲ್ಕೆಳೆ ಬೇಕು.

ಮಾರುಕಟ್ಟೆಯ ಕೆಂಪು-ಕಪ್ಪು ಜೋಡಿ ವೈರಿನಲ್ಲಿ ಎಷ್ಟೋ ಸಲ ಇರುವುದು ತಾಮ್ರದ ಲೇಪ ಹೊದ್ದ ಅಲ್ಯೂಮಿನಿಯಮ್. ಒಂದೆಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಹೋಗಿ ಬಿಳುಪು ಕಂಡರೆ ಬೇಡ. ಪಸೆಯಿರುವಲ್ಲಿ ಇದು ತುದಿಯಿಂದ ಬೂದಿಯಂತೆ ಉದುರುತ್ತಾ ಹೋಗುತ್ತದೆ.

ಸ್ಪೀಕರ್ ವೈರಿಗೆ ಬೇರೆಯೇ ಪಿವಿಸಿ ಪೈಪ್ ಇರಬೇಕು. ಲೈಟಿನ ಪೈಪಿನಲ್ಲಿ ಜಾಗ ಇದೆ, ಅದರಲ್ಲೇ ಎಳೆದುಬಿಡೋಣ ಅನ್ನುವ ಮಾತಿಗೆ ಒಪ್ಪಬೇಡಿ. ಗುಂಯ್ಗುಡುತ್ತದೆ ಅನ್ನುವುದು ಸಣ್ಣ ಕಾರಣ. ದೊಡ್ಡ ಕಾರಣ ಇದು: ಎಂದಾದರೂ ಫೇಸ್ ವೈರಿನ ಸಿಪ್ಪೆ ಸುಲಿದು ಸ್ಪೀಕರ್ ವೈರಿಗೆ ತಾಗಿದರೆ, ಆಂಪ್ಲಿಫೈಯರನ್ನು ಹೊರಗಿಟ್ಟು ಪಟ್ಟ ಪಾಡೆಲ್ಲ ವ್ಯರ್ಥ, 230 ವೋಲ್ಟ್ ಸೀದಾ ನಿಮ್ಮ ತಲೆಯ ಮೇಲಿನ ಜಾಲರಿಯ ಹತ್ತಿರ ಬಂದು ಕೂರುತ್ತದೆ.

ಸೀಲಿಂಗಿನಲ್ಲಿ ಕೂರಿಸುವ ಕೆಲಸ ಹೇಗೆ ನಡೆಯಬೇಕು?

ಮೇನ್ ಇಳಿಸಿ. ಬಾತ್‌ರೂಮಿನ ಲೈಟು, ಎಕ್ಸಾಸ್ಟ್ ಫ್ಯಾನ್, ಗೀಸರ್ ಮೂರೂ ಸತ್ತಿವೆಯೇ ಎಂದು ಟೆಸ್ಟರಿನಲ್ಲಿ ನೋಡಿ. ಬಾತ್‌ರೂಮಿನ ಲೈಟು ಯುಪಿಎಸ್‌ನಲ್ಲಿರುವುದು ಮಾಮೂಲು, ಮೇನ್ ಇಳಿಸಿದರೂ ಅದು ಜೀವಂತ.

ಸೀಲಿಂಗಿನ ತಪಾಸಣೆ ಬಾಗಿಲು ತೆಗೆದು ಟಾರ್ಚ್ ಹಾಕಿ ನೋಡಿ. ಸ್ಪೀಕರ್ ಕೂರುವ ಕಡೆ ಪೈಪು, ಸೀಲಿಂಗನ್ನು ಹೊತ್ತ ಚಾನೆಲ್ ಪಟ್ಟಿ, ವೈರ್ ಇರಬಾರದು, 4–5 ಇಂಚು ಆಳ ಸಿಗಬೇಕು. ಹಿಂಬದಿ ಡಬ್ಬಿ ಇದ್ದರೆ ಇನ್ನೂ ಹೆಚ್ಚು. ಬಾಗಿಲೇ ಇಲ್ಲದ ಸೀಲಿಂಗಾದರೆ ಮೊದಲು ಒಂದು ಬಾಗಿಲು ಮಾಡಿಸಿ. ಮುಂದೆ ಪ್ಲಂಬರಿಗೂ ಅದೇ ಬೇಕಾಗುತ್ತದೆ.

ತೂತಿನ ಅಳತೆಗೆ ಸ್ಪೀಕರಿನ ಪ್ಯಾಕಿನಲ್ಲಿ ಬರುವ ಅಳತೆಯ ರಟ್ಟನ್ನೇ ಬಳಸಿ. 6.5 ಇಂಚಿನ ಸ್ಪೀಕರ್ ಅಂದರೆ ತೂತೂ 6.5 ಇಂಚು ಎಂದುಕೊಂಡು ಕೊರೆದವರಿದ್ದಾರೆ. ಬೇಕಾದದ್ದು ಸಾಮಾನ್ಯವಾಗಿ 8 ಇಂಚಿನ ಆಸುಪಾಸು. ಜಿಪ್ಸಮ್ಮಿಗೆ ಕೈಗರಗಸ, ಪಿವಿಸಿ ಪ್ಯಾನೆಲ್ಲಿಗೆ ಸಣ್ಣ ಹಲ್ಲಿನ ಬ್ಲೇಡ್. ಪಿವಿಸಿ ಪ್ಯಾನೆಲ್ ಒಳಗೆ ಟೊಳ್ಳು, ಎರಡು ಕಿಲೋದ ಸ್ಪೀಕರನ್ನು ಅದೊಂದೇ ಹೊರಲಾರದು. 12 ಮಿ.ಮೀ.ನ ಬಿಡಬ್ಲ್ಯುಪಿ (ನೀರಿಗೆ ಜಗ್ಗದ) ಪ್ಲೈವುಡ್ಡಿನಲ್ಲಿ ಅದೇ ಅಳತೆಯ ಬಳೆ ಕತ್ತರಿಸಿ ಮೇಲ್ಬದಿಗೆ ಕೂರಿಸಿ, ಅದನ್ನು ಚಾನೆಲ್ಲಿಗೆ ಸ್ಕ್ರೂ ಮಾಡಿ. ಜಿಪ್ಸಮ್ಮಾಗಲಿ ಪಿವಿಸಿಯಾಗಲಿ, ಸ್ಲ್ಯಾಬಿಗೆ ಒಂದು ಆ್ಯಂಕರ್ ಹೊಡೆದು ಅಲ್ಲಿಂದ ಸ್ಪೀಕರಿನ ಚೌಕಟ್ಟಿಗೆ ಸ್ಟೀಲ್ ತಂತಿ ಕಟ್ಟುವುದನ್ನು ಮರೆಯಬೇಡಿ. ಎಂದೋ ಕ್ಲಾಂಪ್ ಜಾರಿದರೆ ಸ್ಪೀಕರ್ ನೇತಾಡುತ್ತದೆಯೇ ಹೊರತು ತಲೆಗೆ ಬೀಳುವುದಿಲ್ಲ. ಆ್ಯಂಕರಿನ ತೂತು ಒಂದೂವರೆ ಇಂಚು ದಾಟದಿರಲಿ. ಮೇಲಿನ ಮನೆಯ ವಾಟರ್‌ಪ್ರೂಫಿಂಗ್ ಕೆಡಿಸಿದ ಪಾಪ ನಿಮಗೆ ಬೇಡ.

ವೈರಿನ ಕೊನೆಗೆ ಒಂದಡಿ ಸಡಿಲ ಬಿಟ್ಟು, ಟರ್ಮಿನಲ್ಲಿಗಿಂತ ಕೆಳಗಿಳಿದು ಮತ್ತೆ ಮೇಲೇರುವಂತೆ ಬಾಗಿಸಿ. ವೈರಿನ ಮೇಲೆ ಹರಿದು ಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಜೋಡಣೆಗೆ ಒಳಮೈಗೆ ಅಂಟು ಬಳಿದಿರುವ ಹೀಟ್‌ಶ್ರಿಂಕ್ (ಕಾವು ಕೊಟ್ಟರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಇನ್ಸುಲೇಷನ್ ಟೇಪ್ ಒಂದು ಮಳೆಗಾಲಕ್ಕೇ ಬಿಚ್ಚಿಕೊಳ್ಳುತ್ತದೆ. ಸ್ಕ್ರೂಗಳು 304 ದರ್ಜೆಯ ಸ್ಟೇನ್‌ಲೆಸ್ ಇರಲಿ, ಕ್ಲಾಂಪ್ ಬಿಗಿಸಲು ಕೈ ಸ್ಕ್ರೂಡ್ರೈವರ್ರೇ ಸಾಕು. ಡ್ರಿಲ್ ಮೆಷಿನ್ನಿನಲ್ಲಿ ಬಿಗಿಸಿದರೆ ಕ್ಲಾಂಪಿನ ಕಿವಿ ಮುರಿಯುತ್ತದೆ, ಇಲ್ಲವೇ ಬೋರ್ಡು ಪುಡಿಯಾಗುತ್ತದೆ.

ಕೊನೆಯದು, ಎಲ್ಲರೂ ಬಿಡುವುದು: ವೈರ್ ಬರುವ ಪೈಪಿನ ಬಾಯಿ ಮುಚ್ಚುವುದು. ತೆರೆದು ಬಿಟ್ಟರೆ ಹಬೆ ಆ ಪೈಪಿನಲ್ಲೇ ನುಗ್ಗಿ ಆಚೆ ಕೋಣೆಯ ಸ್ವಿಚ್ ಬಾಕ್ಸಿನಲ್ಲಿ ತಣಿದು ನೀರಾಗುತ್ತದೆ. ಗೋಡೆಯ ತೂತನ್ನು ಬಾತ್‌ರೂಮಿನ ಕಡೆಗೆ ಸ್ವಲ್ಪ ಇಳಿಜಾರಾಗಿ ಕೊರೆದು, ಬಾಯಿಗೆ ಸಿಲಿಕೋನ್ ತುಂಬಿ. ಸಿಲಿಕೋನ್ ಟ್ಯೂಬಿನ ಮೇಲೆ ‘ನ್ಯೂಟ್ರಲ್’ ಅಂತ ಇರಬೇಕು. ಹುಳಿ ವಿನೆಗರ್ ವಾಸನೆ ಬರುವ ಮಾಮೂಲು ಸಿಲಿಕೋನ್ ಆರುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ.

ಸೀಲಿಂಗ್ ಇಲ್ಲ. ಗೋಡೆಗೆ ಹಾಕಬಹುದೇ?

ಹಾಕಬಹುದು, ಡಬ್ಬಿಯಾಕಾರದ ಹೊರಾಂಗಣ ಸ್ಪೀಕರನ್ನು, ಬಾಗಿಲ ಮೇಲಿನ ಗೋಡೆಗೆ. ಶವರಿನ ಗೋಡೆಯಲ್ಲಿ ಮಾತ್ರ ಡ್ರಿಲ್ ಇಡಬೇಡಿ. ಗೀಸರಿನಿಂದ ಮಿಕ್ಸರಿಗೆ ಇಳಿಯುವ ಸಿಪಿವಿಸಿ ಪೈಪ್ ಅದರೊಳಗೇ ಇದೆ. ಟೈಲ್ಸ್ ದಾಟುವ ತನಕ ಹ್ಯಾಮರ್ ಆಫ್ ಮಾಡಿ ಟೈಲ್ಸ್ ಬಿಟ್ಟಿನಲ್ಲಿ ನಿಧಾನವಾಗಿ ಕೊರೆಯಬೇಕು. ಫಿಶರ್ (ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಬೆಣೆ) ಹಾಕುವ ಮುಂಚೆ ತೂತಿಗೆ ಒಂದು ತೊಟ್ಟು ಸಿಲಿಕೋನ್ ಬಿಡಿ.

ನಮ್ಮ ಬಚ್ಚಲಿನ ಹಾಡು ನಾಲ್ಕು ಮಹಡಿಗೂ ಕೇಳುತ್ತದಂತೆ.

ಡಕ್ಟಿನ ಮಹಿಮೆ. ವೆಂಟಿಲೇಟರಿನಿಂದ ಹೊರಬಿದ್ದ ದನಿ ಆ ಕೊಳವೆಯಲ್ಲಿ ಮೇಲೂ ಕೆಳಗೂ ಓಡುತ್ತದೆ. ಬೆಳಗಿನ ಐದೂವರೆಯ ಭಕ್ತಿಗೀತೆ ಎಲ್ಲರಿಗೂ ಪುಣ್ಯ ಹಂಚುತ್ತದೆ. ಸ್ಪೀಕರ್ ವೆಂಟಿಲೇಟರಿನಿಂದ ದೂರ ಇದ್ದು, ಹಿಂಬದಿ ಡಬ್ಬಿ ಇದ್ದು, ಬೇಸ್ ಕಡಿಮೆ ಮಾಡಿದರೆ ಬಹುಪಾಲು ತೊಂದರೆ ಇಳಿಯುತ್ತದೆ. ಬೇಸ್ ತಗ್ಗಿಸಿದರೆ ನಿಮಗೂ ಮಾತು ಸ್ಪಷ್ಟ. ಮೂಲೆಗಳಲ್ಲಿ ದಪ್ಪ ದನಿ ಸುಮ್ಮನೇ ಗುಡುಗುತ್ತಿರುತ್ತದೆ.

ಬಾಡಿಗೆ ಮನೆ, ಗೋಡೆ ಮುಟ್ಟುವಂತಿಲ್ಲ.

ಬ್ಯಾಟರಿಯ ಬ್ಲೂಟೂತ್ ಸ್ಪೀಕರ್, ಐಪಿಎಕ್ಸ್5 ಅಥವಾ ಮೇಲಿನದು. ಚಾರ್ಜಿಂಗ್ ಯಾವತ್ತೂ ಹೊರಗೆ, ಪೋರ್ಟ್ ಪೂರ್ತಿ ಒಣಗಿದ ಮೇಲೆ. ಗೀಸರ್ ಮೇಲಿಡಬೇಡಿ, ಲಿಥಿಯಂ ಬ್ಯಾಟರಿಗೆ ಕಾವು ಆಗುವುದಿಲ್ಲ. ಟೈಲ್ಸಿಗೆ ಅಂಟಿಸುವ ರಬ್ಬರ್ ಕಪ್ ಗಡುಸು ನೀರಿನ ಬಿಳಿ ಪೊರೆಯ ಮೇಲೆ ನಿಲ್ಲದು. ಬಟ್ಟೆ ಕೊಕ್ಕೆಗೆ ನೇತುಹಾಕುವುದೇ ವಾಸಿ.

ಬ್ಲೂಟೂತ್ ಪದೇ ಪದೇ ಕಡಿಯುತ್ತದೆ, ಯಾಕೆ?

ಆಂಪ್ಲಿಫೈಯರನ್ನು ಕಬ್ಬಿಣದ ಡಬ್ಬಿಯಲ್ಲೋ ಗಾಡ್ರೇಜ್ ಬೀರುವಿನಲ್ಲೋ ಇಟ್ಟಿರುತ್ತೀರಿ. ಹೊರತೆಗೆದು ಬಾತ್‌ರೂಮಿನ ಬಾಗಿಲಿನ ನೇರಕ್ಕೆ ಇಡಿ. 9 ಇಂಚಿನ ಗೋಡೆ, ಅದರ ಮೇಲೆ ಒದ್ದೆ ಮೈ, ಎರಡೂ 2.4 ಗಿಗಾಹರ್ಟ್ಸ್ ಅಲೆಯನ್ನು ನುಂಗುತ್ತವೆ.

ಹಂಡೆ ಒಲೆಯಿರುವ ಹಳ್ಳಿಯ ಬಚ್ಚಲಿಗೆ, ಕರಾವಳಿಯ ಮನೆಗೆ?

ಹಂಡೆಯ ಒಲೆ ಇರುವಲ್ಲಿ ಹಬೆಯ ಜತೆ ಹೊಗೆ, ಮಸಿ. ಜಾಲರಿಯಲ್ಲಿ ಜಿಡ್ಡು ಕಟ್ಟುತ್ತದೆ. ಸ್ಪೀಕರನ್ನು ಒಳಗೆ ಹಾಕದೆ ಬಾಗಿಲಿನ ಹೊರಗೆ, ಸೂರಿನ ಕೆಳಗೆ ಹಾಕಿದರೆ ಕೇಳಲೂ ಸಾಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ 304ರ ಸ್ಕ್ರೂ ಕೂಡ ಚುಕ್ಕೆ ಹಿಡಿಯುತ್ತದೆ. 316 ಸಿಕ್ಕರೆ ಅದನ್ನೇ ಹಾಕಿ. ಮಲೆನಾಡಲ್ಲಿ ಸಿಡಿಲು ಶುರುವಾದರೆ ಆಂಪ್ಲಿಫೈಯರಿನ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.

ದನಿ ಬರುತ್ತಿಲ್ಲ, ಅಥವಾ ಕರಕರ ಎನ್ನುತ್ತಿದೆ. ಎಲ್ಲಿಂದ ಹುಡುಕಬೇಕು?

ಆಂಪ್ಲಿಫೈಯರಿನ ಪ್ಲಗ್ ತೆಗೆದು, ಸ್ಪೀಕರ್ ವೈರಿನ ತುದಿಗಳನ್ನು ಬಿಚ್ಚಿ ಮಲ್ಟಿಮೀಟರಿನಲ್ಲಿ ಓಮ್ ನೋಡಿ. 8 ಓಮ್ ಸ್ಪೀಕರಿಗೆ 6ರಿಂದ 7 ಬರಬೇಕು. ಸೊನ್ನೆಯ ಹತ್ತಿರ ಇದ್ದರೆ ಎಲ್ಲೋ ಎರಡೆಳೆ ತಾಗಿವೆ; ಏನೂ ತೋರಿಸದಿದ್ದರೆ ವೈರ್ ಕಡಿದಿದೆ ಇಲ್ಲವೇ ಕಾಯಿಲ್ ಸುಟ್ಟಿದೆ. ಅಂಕಿ ಕುಣಿಯುತ್ತಿದ್ದರೆ ಟರ್ಮಿನಲ್ಲಿನಲ್ಲಿ ಕಿಲುಬು: ವೈರಿನ ತುದಿ ಒಂದಿಂಚು ಕತ್ತರಿಸಿ, ಹೊಸದಾಗಿ ಸುಲಿದು ಜೋಡಿಸಿ. ಸ್ನಾನದ ಹೊತ್ತಿಗೆ ಮಾತ್ರ ಕರಕರ ಬಂದು ಮಧ್ಯಾಹ್ನ ಸರಿಹೋದರೆ ಕಾಯಿಲಿನ ಸಂದಿಗೆ ಪಸೆ ಹೋಗಿದೆ. ಸ್ನಾನ ಮುಗಿದ ಮೇಲೂ 20 ನಿಮಿಷ ಎಕ್ಸಾಸ್ಟ್ ಫ್ಯಾನ್ ಓಡಲಿ. ಆಂಪ್ಲಿಫೈಯರಿನ ಪ್ಲಗ್ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತಿದ್ದರೆ ಮತ್ತೆ ಮತ್ತೆ ಏರಿಸಿ ನೋಡಬೇಡಿ, ಆರ್‌ಸಿಸಿಬಿಯನ್ನು ತಪ್ಪಿಸಿ ಲೈನ್ ಕೊಡಿಸುವುದಂತೂ ಬೇಡವೇ ಬೇಡ. ಆ ಅಡಾಪ್ಟರನ್ನು ಬದಲಿಸಿ. ಆಮೇಲೂ ಬಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ನೋಡಲಿ.

ಶುಚಿ ಮಾಡುವುದು ಹೇಗೆ?

ಜಾಲರಿ ಕಳಚಿ, ನೀರು ಬೆರೆಸಿದ ವಿನೆಗರಿನಿಂದ ಒರೆಸಿ, ತೊಳೆದು, ಒಣಗಿಸಿ ಹಾಕಿ. ಬಿಳಿ ಕಲೆ ಹೋಗುತ್ತದೆ. ಕೋನಿಗೆ ಒಣ ಬ್ರಷ್ ಮಾತ್ರ. ಟೈಲ್ಸಿಗೆ ಆಸಿಡ್ ಹಾಕಿ ಉಜ್ಜಿಸುವ ದಿನ ಸ್ಪೀಕರಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಎಕ್ಸಾಸ್ಟ್ ಫ್ಯಾನ್ ಹಾಕಿ. ವರ್ಷವಿಡೀ ಹಬೆ ಕೆಡಿಸದ ಟರ್ಮಿನಲ್ಲನ್ನು ಆ ಒಂದು ಗಂಟೆಯ ಹೊಗೆ ಕೆಡಿಸುತ್ತದೆ.